ಆನೆ ಗುರುತಿನ ಒಂದು ಸೀಟು
(ಹೇರೋಹಳ್ಳಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಾವು ಯಾವ ಹಾಸ್ಟೆಲ್ಲಿಗೆ ಹೋದರೂ ಹುಡುಗರು ಮೊದಲು ಕೇಳೋದು ಒಂದೇ: "ಅಣ್ಣಾ, ಗೆಲ್ಲದ ಪಾರ್ಟಿಗೆ ಯಾಕೆ ಓಟು ಹಾಕ್ಬೇಕು? ಓಟು ದಂಡ ಅಲ್ವಾ?" ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕೆ ಭಾಷಣದಲ್ಲಿ ಉತ್ತರ ಇಲ್ಲ. ಸಣ್ಣ ಪಕ್ಷ ಎಲ್ಲಿ ಗೆದ್ದಿತು, ಹೇಗೆ ಗೆದ್ದಿತು, ಗೆದ್ದ ಸೀಟು ಆಮೇಲೆ ಎಲ್ಲಿಗೆ ಹೋಯಿತು, ಇದನ್ನು ನೋಡಬೇಕು. ಅದಕ್ಕೇ ಇವತ್ತು ಬಾಬಾಸಾಹೇಬರ ಪಕ್ಷದ ಲೆಕ್ಕ ತೆಗೆಯೋಣ.

1942ರಲ್ಲಿ ನಾಗಪುರದಲ್ಲಿ ಪರಿಶಿಷ್ಟ ಜಾತಿಗಳ ಫೆಡರೇಷನ್ ಹುಟ್ಟಿತು. 1952ರ ಮೊದಲ ಮಹಾಚುನಾವಣೆಯಲ್ಲಿ ಅದರ ಗುರುತು ಆನೆ. ಸಂವಿಧಾನ ಬರೆದ ಅಂಬೇಡ್ಕರರು ಉತ್ತರ ಮುಂಬಯಿಯಲ್ಲಿ ನಿಂತರು, ಕಾಂಗ್ರೆಸ್ಸಿನ ಕಾಜ್ರೋಳ್ಕರ್ ಎದುರು ಸೋತರು. 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ಇಡೀ ದೇಶದಲ್ಲಿ ಫೆಡರೇಷನ್ನಿಗೆ ಬಂದದ್ದು ಲೋಕಸಭೆಯ ಎರಡು ಸೀಟು: ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ರಾಜಭೋಜ್, ತೆಲುಗು ಸೀಮೆಯ ಕರೀಂನಗರದಲ್ಲಿ ಎಂ.ಆರ್. ಕೃಷ್ಣ.

ಯಾಕೆ ಹೀಗಾಯ್ತು? ನಮ್ಮ ಜನ ಬಾಬಾಸಾಹೇಬರಿಗೆ ಓಟು ಹಾಕಲಿಲ್ಲ ಅಂತಲ್ಲ. 1932ರ ಪೂನಾ ಒಪ್ಪಂದದಲ್ಲಿ ಮೀಸಲು ಸ್ಥಾನ 71ರಿಂದ 148ಕ್ಕೆ ಏರಿತು, ಪ್ರತ್ಯೇಕ ಮತದಾರ ಪಟ್ಟಿ ಹೋಯಿತು. ನಿಲ್ಲೋನು ನಮ್ಮೋನೇ, ಆದರೆ ಗೆಲ್ಲಿಸೋರು ಊರಿನೋರು. ಕೇರಿ ಇರೋದು ಊರಾಚೆ, ಓಟಿನ ಲೆಕ್ಕ ಮಾತ್ರ ಊರೊಳಗೆ. ಕೇರಿಯ ಓಟು ಒಂದೂ ಬಿಡದೆ ಬಿದ್ದರೂ ಕ್ಷೇತ್ರದಲ್ಲಿ ಅದು ಐದರಲ್ಲಿ ಒಂದು ಪಾಲೋ, ಆರರಲ್ಲಿ ಒಂದು ಪಾಲೋ. ಠೇವಣಿ ಉಳಿಯೋಕ್ಕೆ ಆರರಲ್ಲಿ ಒಂದಕ್ಕಿಂತ ಹೆಚ್ಚು ಬೇಕು ಅನ್ನೋದು ಕಾನೂನು. ಅಂದರೆ ನಮ್ಮ ಇಡೀ ಜನಸಂಖ್ಯೆ ಸೇರಿದರೆ ಠೇವಣಿ ಉಳೀಬಹುದು, ಸೀಟು ಬರೋಲ್ಲ!

1957ರಲ್ಲಿ ಫೆಡರೇಷನ್ ಆರು ಲೋಕಸಭಾ ಸ್ಥಾನ ಗೆದ್ದಿತು. ಅದರಲ್ಲಿ ಒಂದು ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಗೆದ್ದವರು ದತ್ತಾ ಅಪ್ಪಾ ಕಟ್ಟಿ. ಮುಂಬಯಿ ಕಡೆ ಆ ಸಲ ಫೆಡರೇಷನ್ ಸಂಯುಕ್ತ ಮಹಾರಾಷ್ಟ್ರ ಸಮಿತಿಯ ಜೊತೆ ಇತ್ತು, ಜೊತೆಗಾರರ ಓಟೂ ಬಂತು. ಅದೇ ವರ್ಷ ಅಕ್ಟೋಬರ್ 3ರಂದು ಫೆಡರೇಷನ್ ವಿಸರ್ಜಿಸಿ ರಿಪಬ್ಲಿಕನ್ ಪಕ್ಷ ಕಟ್ಟಿದರು. ಬಾಬಾಸಾಹೇಬರು ತೀರಿಕೊಂಡು ಹತ್ತು ತಿಂಗಳಾಗಿತ್ತು. ಹೊಸ ಪಕ್ಷ ಬರೀ ನಮ್ಮದಾಗಬಾರದು, ದುಡಿಯುವ ಎಲ್ಲರದೂ ಆಗಬೇಕು ಅನ್ನೋದು ಅವರ ಯೋಜನೆ. ಆದದ್ದೇ ಬೇರೆ. ವರ್ಷ ಎರಡು ವರ್ಷದಲ್ಲಿ ಒಡಕು. 1962ರಲ್ಲಿ ಲೋಕಸಭೆಯಲ್ಲಿ ಮೂರೇ ಸೀಟು. 1964ರ ಕೊನೆಗೆ ಇದೇ ಪಕ್ಷ ಭೂಮಿಗಾಗಿ ದೇಶಾದ್ಯಂತ ಸತ್ಯಾಗ್ರಹ ಮಾಡಿ ಲಕ್ಷಗಟ್ಟಲೆ ಜನ ಜೈಲಿಗೆ ಹೋದರು. ಅದನ್ನು ಮಾತ್ರ ಯಾರೂ ನೆನೆಸೋಲ್ಲ, ನಾಯಕರ ಜಗಳ ಎಲ್ಲರಿಗೂ ಬಾಯಿಪಾಠ. ಆಮೇಲೆ ಒಬ್ಬೊಬ್ಬರೇ ಕಾಂಗ್ರೆಸ್ಸಿನ ಬಾಗಿಲಿಗೆ ಹೋದರು.

ಈಗ ಕೋಲಾರದ ಚಿನ್ನದ ಗಣಿಗೆ ಬನ್ನಿ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. 1978ರಲ್ಲಿ ಕೆ.ಜಿ.ಎಫ್.ನಿಂದ ಸಿ.ಎಂ. ಆರುಮುಗಂ ರಿಪಬ್ಲಿಕನ್ ಪಕ್ಷದಿಂದ ವಿಧಾನಸಭೆಗೆ ಬಂದರು. 1983ರಲ್ಲಿ ಅಣ್ಣಾ ಡಿ.ಎಂ.ಕೆ.ಯ ಭಕ್ತವತ್ಸಲಂ. 1985ರಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಟಿ.ಎಸ್. ಮಣಿ. 1989ರಲ್ಲಿ ಮತ್ತೆ ಭಕ್ತವತ್ಸಲಂ. 1994ರಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್. 1999ರಲ್ಲಿ ಮತ್ತೆ ಅಣ್ಣಾ ಡಿ.ಎಂ.ಕೆ., 2004ರಲ್ಲಿ ಮತ್ತೆ ರಾಜೇಂದ್ರನ್. ಏಳು ಚುನಾವಣೆ! ರಾಜ್ಯವೆಲ್ಲ ಇಂದಿರಾ, ಜನತಾ, ಕಾಂಗ್ರೆಸ್ ಅಂತ ವಾಲುತ್ತಿದ್ದರೆ ಈ ಒಂದು ಊರು ಒಂದು ಸಲವೂ ವಾಲಲಿಲ್ಲ.

ಅಲ್ಲಿನ ಜನ ಯಾರು? ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಗಣಿಗೆ ಇಳಿದ, ತಮಿಳು ಮಾತಾಡುವ ನಮ್ಮೋರೇ. ಸಾಲುಮನೆಗಳಲ್ಲಿ ಗೋಡೆಗೆ ಗೋಡೆ ಹಚ್ಚಿ ಬದುಕಿದರು. ಒಂದೇ ಗುಂಡಿಗೆ ಇಳಿದರು, ಒಂದೇ ಧೂಳು ಕುಡಿದರು. ಅಲ್ಲಿ ಕೇರಿಯೇ ಊರು. ಯೂನಿಯನ್ ಇತ್ತು, ಸಂಜೆ ಶಾಲೆ ಇತ್ತು, ಪೇಪರ್ ಓದಿ ಹೇಳೋರು ಇದ್ದರು. ಚುನಾವಣೆ ಐದು ವರ್ಷಕ್ಕೆ ಒಂದು ಸಲ, ಆದರೆ ಅವರ ಸಭೆ ದಿನಾ ನಡೀತಿತ್ತು. ಗೌಡರ ಮನೆ ಜಗಲಿ ನೋಡಿ ಓಟು ಹಾಕೋ ಹಂಗು ಅವರಿಗಿರಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಾದ ಮೇಲೂ ಒಂದು ಸಲ ಗೆದ್ದರು, ಹಳೇ ಕಟ್ಟು ಅಷ್ಟು ಗಟ್ಟಿ ಇತ್ತು. ಆಮೇಲೆ ಜನ ಬೆಳಗಾಗೋ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರೋದು, ಕತ್ತಲಾದ ಮೇಲೆ ಮನೆ ಸೇರೋದು. 2008 ಮತ್ತು 2013ರಲ್ಲಿ ಬಿ.ಜೆ.ಪಿ., 2018 ಮತ್ತು 2023ರಲ್ಲಿ ಕಾಂಗ್ರೆಸ್. ಸಂಜೆ ಸಭೆಗೆ ಬರೋ ಮನುಷ್ಯನೇ ರೈಲಿನಲ್ಲಿದ್ದರೆ ಪಕ್ಷ ಎಲ್ಲಿ ಕೂರುತ್ತೆ?

ಆನೆ ಗುರುತು ಕಾನ್ಶೀರಾಂ ಅವರ ಬಹುಜನ ಸಮಾಜ ಪಕ್ಷಕ್ಕೆ ಬಂದ ಮೇಲೆ ನಮ್ಮಲ್ಲಿ ಎರಡು ಸಲ ವಿಧಾನಸಭೆಯ ಮೆಟ್ಟಿಲು ಹತ್ತಿತು. 1994ರಲ್ಲಿ ಬೀದರಿನಲ್ಲಿ ಜುಲ್ಫೇಕರ್ ಹಾಶ್ಮಿ, ಅಲ್ಲಿ ಮುಸ್ಲಿಮರು ನಾವು ಕೂಡಿದ್ದಕ್ಕೆ ಆದ ಕೆಲಸ. 2018ರಲ್ಲಿ ಕೊಳ್ಳೇಗಾಲದಲ್ಲಿ ಎನ್. ಮಹೇಶ್, ಜನತಾದಳದ ಜೊತೆ ಒಪ್ಪಂದದಲ್ಲಿ. ರಾಜ್ಯದಲ್ಲಿ ನೂರಕ್ಕೆ ಒಂದು ಓಟೂ ಇಲ್ಲದ ಪಕ್ಷ, ಆದರೂ ಮಂತ್ರಿ ಸ್ಥಾನ ಬಂತು! ಕೆಲವೇ ತಿಂಗಳಲ್ಲಿ ರಾಜೀನಾಮೆ. 2019ರ ವಿಶ್ವಾಸಮತದ ದಿನ ಸದನಕ್ಕೆ ಹೋಗಲಿಲ್ಲ ಅಂತ ಪಕ್ಷದಿಂದ ಉಚ್ಚಾಟನೆ. 2021ರಲ್ಲಿ ಅವರು ಬಿ.ಜೆ.ಪಿ. ಸೇರಿದರು, 2023ರಲ್ಲಿ ಸೋತರು. ಒಬ್ಬ ಮನುಷ್ಯನನ್ನು ಬೈದು ಕೂರೋದು ಸುಲಭ. ನಾವು ಕೇಳೋದು ಬೇರೆ: ವರ್ಷಗಟ್ಟಲೆ ಸೈಕಲ್ ತುಳಿದು, ಗೋಡೆಗೆ ಆನೆ ಬರೆದ ಹುಡುಗರನ್ನು ಆ ದಿನ ಯಾರಾದರೂ ಕೇಳಿದರಾ? ಕೇಳೋ ಜಾಗವೇ ಪಕ್ಷದಲ್ಲಿ ಇರಲಿಲ್ಲ.

ಈಗ ನಿಮ್ಮ ಹೇರೋಹಳ್ಳಿ. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರುವ ತನಕ ಊರಾಗಿತ್ತು, ಈಗ ಲೇಔಟು. ವಿಧಾನಸಭೆಗೆ ಯಶವಂತಪುರ ಕ್ಷೇತ್ರ. ಇಲ್ಲಿ ನಮ್ಮ ಜನ ಇಲ್ಲವೇ? ಇದ್ದಾರೆ, ಪೀಣ್ಯದ ಶೆಡ್ಡಿನಲ್ಲಿ, ಗಾರ್ಮೆಂಟಿನಲ್ಲಿ, ಕಟ್ಟಡದ ಕೆಲಸದಲ್ಲಿ. ಆದರೆ ಬಾಡಿಗೆ ರೂಮಿನಲ್ಲಿ ಚದುರಿ ಹೋಗಿದ್ದಾರೆ, ಪಕ್ಕದ ಮನೆಯವನಿಗೆ ಜಾತಿ ಗೊತ್ತಾಗದಿರಲಿ ಅಂತ ಬಾಗಿಲು ಹಾಕ್ಕೊಂಡಿರ್ತಾರೆ. ಓಟು ಇನ್ನೂ ಊರಲ್ಲಿ. ಇಲ್ಲಿನ ವಾರ್ಡಿಗೆ 2015ರ ಆಗಸ್ಟಿನಲ್ಲಿ ಚುನಾವಣೆ ಆಯಿತು, 2020ಕ್ಕೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಅದನ್ನು ಕೇಳೋಕ್ಕೂ ಸಭೆ ಬೇಕಲ್ಲ.

ಹದಿನೆಂಟು ತುಂಬಿದ ಹಾಸ್ಟೆಲ್ ವಿದ್ಯಾರ್ಥಿ ಊರಿನಲ್ಲಾದರೂ ಇಲ್ಲವೇ ಹಾಸ್ಟೆಲಿನ ವಿಳಾಸದಲ್ಲಾದರೂ ಓಟು ಬರೆಸಬಹುದು, ಎರಡೂ ಕಡೆ ಆಗೋಲ್ಲ. ಆರನೇ ನಂಬರಿನ ಫಾರಂ ಹಾಕಬೇಕು, ವಿದ್ಯಾರ್ಥಿ ಅನ್ನೋದಕ್ಕೆ ಕಾಲೇಜಿನ ಮುಖ್ಯಸ್ಥರ ಪತ್ರ ಇಡಬೇಕು. ಫಾರಂ ತಂದಿದ್ದೇವೆ, ಹಿಂದಿನ ಬೆಂಚಿನ ಮೇಲಿದೆ. ಭಾನುವಾರ ಸುಂಕದಕಟ್ಟೆ ಕಡೆಯ ರೂಮುಗಳಿಗೆ ಹೋಗ್ತೇವೆ. ಬರೋರು ಹೆಸರು ಕೊಡಿ.