ಕೆಲಸ ಕಲಿಸುವ ಬಗೆ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಕೆಲಸಗಾರನ ಮನಸ್ಸು ಕೆಲಸದಲ್ಲಿ ನಿಲ್ಲುವಂತೆ ಮಾಡುವುದು ಹೇಗೆ ಎಂಬುದೇ ಇಂದಿನ ವಿಷಯ. ಈ ಸೊಲ್ಲಾಪುರದಲ್ಲಿ ಗಿರಣಿಯ ಭೋಂಗಾ ಕೇಳುತ್ತ ಬೆಳೆದ ಮನೆತನಗಳು ಅನೇಕ. ಇಂದು ಯಂತ್ರಮಗ್ಗಗಳ ಸದ್ದಿನ ನಡುವೆ ಬಾಳುವವರೂ ಅನೇಕ. ಕೂಲಿ ಸಾಲದಿದ್ದರೆ ಮನಸ್ಸು ನಿಲ್ಲದು. ಅದಕ್ಕೆ ಯಾವ ಉಪದೇಶವೂ ಮದ್ದಲ್ಲ. ಆದರೆ ಕೂಲಿ ತಕ್ಕಷ್ಟಿರುವ ಕಡೆಯೂ ಹೊಸ ಹುಡುಗನು ಹದಿನೈದು ದಿನಗಳಲ್ಲಿ ಬಿಟ್ಟು ಹೋಗುವುದುಂಟು. ವಿಚಾರಿಸಿ ನೋಡಿರಿ: ಬಹಳ ಸಲ ಅವನಿಗೆ ಯಾರೂ ಕೆಲಸ ಕಲಿಸಿಯೇ ಇರುವುದಿಲ್ಲ, ತಪ್ಪಿದಾಗ ಬಯ್ದಿರುತ್ತಾರೆ, ಅಷ್ಟೆ.

ಹಿಂದೆ ನಮ್ಮ ಬಟ್ಟೆ ಗಿರಣಿಗಳಲ್ಲಿ ಜಾಬರನೆಂಬವನಿದ್ದನು. ಆಳನ್ನು ಸೇರಿಸುವವನೂ ಅವನೆ, ಕಲಿಸುವವನೂ ಅವನೆ, ಬಿಡಿಸುವವನೂ ಅವನೆ. 1929ರಲ್ಲಿ ನೇಮಕಗೊಂಡು 1931ರಲ್ಲಿ ವರದಿ ಸಲ್ಲಿಸಿದ ರಾಯಲ್ ಕಾರ್ಮಿಕ ಆಯೋಗವು ಈ ಪದ್ಧತಿಯಲ್ಲಿಯ ಲಂಚಗುಳಿತನವನ್ನು ಬಯಲಿಗೆಳೆದು, ಸೇರಿಸುವ ಬಿಡಿಸುವ ಅಧಿಕಾರವು ಜಾಬರನ ಕೈಯಲ್ಲಿರಬಾರದೆಂದು ಸೂಚಿಸಿತು. ಅನ್ನದ ಕೀಲಿಕೈಯನ್ನು ಹಿಡಿದವನೆದುರಿಗೆ "ನನಗಿದು ತಿಳಿಯಲಿಲ್ಲ" ಎಂದು ಹೇಳುವ ಧೈರ್ಯ ಯಾರಿಗಿದ್ದೀತು?

ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೇರಿಕೆಯಲ್ಲಿ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತು. ಕಾರಖಾನೆಗಳಿಗೆ ಎಂದೂ ಯಂತ್ರ ಮುಟ್ಟದ ಸ್ತ್ರೀಪುರುಷರು ಗುಂಪುಗುಂಪಾಗಿ ಬಂದರು. 1940ರಲ್ಲಿ ಅಲ್ಲಿಯ ಸರಕಾರವು 'ಟ್ರೇನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ಯೋಜನೆಯನ್ನು ಆರಂಭಿಸಿತು. ಅದು ಕೆಲಸಗಾರರನ್ನು ಬಿಟ್ಟು ಮೇಸ್ತ್ರಿಗಳನ್ನು ಹಿಡಿಯಿತು. 1945ರಲ್ಲಿ ಮುಗಿಯುವ ಹೊತ್ತಿಗೆ 16 ಲಕ್ಷಕ್ಕೂ ಮಿಕ್ಕಿದ ಜನರು ಅದರಲ್ಲಿ ತರಬೇತಿ ಪಡೆದಿದ್ದರು. ಒಂದು ತಂಡದಲ್ಲಿ ಹತ್ತು ಜನ. ಎರಡೆರಡು ತಾಸಿನ ಐದು ಪಾಠಗಳು.

ಮೊದಲ ಪಾಠವು ಬಲು ಸೊಗಸಾದುದು. ವಿದ್ಯುದ್ದೀಪದ ತಂತಿಯನ್ನು ಎಳೆದರೂ ಜೋಡಣೆ ಕಿತ್ತು ಬಾರದಂತೆ ಹೋಲ್ಡರಿನೊಳಗೆ ಹಾಕುವ ಗಂಟೊಂದುಂಟು. ಶಿಕ್ಷಕನು ಅದನ್ನು ಮೊದಲು ಬರಿಯ ಬಾಯಿಮಾತಿನಿಂದ ವಿವರಿಸುವನು. ಕೇಳಿದವನಿಗೆ ಗಂಟು ಬಾರದು. ಬಳಿಕ ಬಾಯಿ ಮುಚ್ಚಿಕೊಂಡು ಕೈಯಿಂದ ಹಾಕಿ ತೋರಿಸುವನು, ಆಗಲೂ ಬಾರದು. ಮೇಸ್ತ್ರಿಗಳು ನಕ್ಕು, ಆಮೇಲೆ ಗಂಭೀರರಾಗುತ್ತಿದ್ದರಂತೆ. ತಮ್ಮ ದಿನನಿತ್ಯದ ಕಲಿಸುವಿಕೆಯೂ ಇವೆರಡರಲ್ಲಿ ಒಂದಲ್ಲವೆ!

ಅನಂತರ ನಾಲ್ಕು ಮೆಟ್ಟಿಲುಗಳ ಕ್ರಮ ಬರುತ್ತದೆ. ಕಲಿಯುವವನ ಅಂಜಿಕೆ ಕಳೆದು ಅವನಿಗೆ ಆಗಲೇ ಏನು ಗೊತ್ತಿದೆಯೆಂದು ಕೇಳುವುದು. ಒಂದೊಂದೇ ಹಂತವನ್ನು ಹೇಳುತ್ತ ತೋರಿಸುವುದು. ಅವನಿಂದ ಮಾಡಿಸಿ, ಮಾಡುವಾಗ ಅವನ ಬಾಯಿಂದಲೇ ಕಾರಣ ಹೇಳಿಸುವುದು. ಕೊನೆಗೆ ಒಬ್ಬನನ್ನೇ ಬಿಟ್ಟು, ಅಡಚಣೆ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ನೋಡಿ ಬರುವುದು. ಇದು ಚಾರ್ಲ್ಸ್ ಅಲೆನ್ ಎಂಬ ವೃತ್ತಿಶಿಕ್ಷಕನು ಮೊದಲ ಮಹಾಯುದ್ಧದಲ್ಲಿ ಹಡಗು ಕಟ್ಟುವವರಿಗಾಗಿ ರೂಪಿಸಿ, 1919ರ ತನ್ನ ಗ್ರಂಥದಲ್ಲಿ ಬರೆದ ಕ್ರಮ. ಹರ್ಬಾರ್ಟನ ಸೋಪಾನಗಳನ್ನು ಓದಿದ ನಮ್ಮ ಶಿಕ್ಷಕ ಬಂಧುಗಳಿಗೆ ಇದು ಹಳೆಯ ಪರಿಚಯವೆನಿಸಬಹುದು.

ನಮ್ಮ ಮಗ್ಗಕ್ಕೇ ಹೊಂದಿಸಿ ನೋಡೋಣ. ಹಾಸಿನ ಎಳೆ ಕಡಿದರೆ ಗಂಟು ಹಾಕಬೇಕು. "ಚಿಕ್ಕದಾಗಿ ಹಾಕು" ಎಂದರೆ ಹುಡುಗನಿಗೆ ಅದೊಂದು ಹುಕುಮು. ಗಂಟು ದಪ್ಪವಾದರೆ ಫಣಿಯಲ್ಲಿ ಸಿಕ್ಕಿ ಎಳೆ ಮತ್ತೆ ಕಡಿಯುವುದೆಂದು ತೋರಿಸಿ ಹೇಳಿದರೆ ಅದು ಅವನ ಸ್ವಂತ ತಿಳಿವಳಿಕೆ. ಮುಂದೆ ಎಳೆ ಪದೇ ಪದೇ ಕಡಿದರೆ ಕಾರಣವನ್ನು ತಾನೇ ಹುಡುಕುವನು. ಕೆಲಸದಲ್ಲಿ ಆಸ್ಥೆ ಹುಟ್ಟುವುದು ಇಲ್ಲಿಂದಲೆ ಎಂದು ನನ್ನ ಅಭಿಪ್ರಾಯ. ಗೋಡೆಯ ಮೇಲಿನ ಘೋಷಣೆಗಳಿಂದಲ್ಲ.

ಅದೇ ಯೋಜನೆಯ ಇನ್ನೊಂದು ಪಾಠವು ಮೇಸ್ತ್ರಿಯ ನಡತೆಗೆ ಸಂಬಂಧಿಸಿದ್ದು. ಕೆಲಸ ಹೇಗೆ ಸಾಗಿದೆಯೆಂದು ಆಳಿಗೆ ಆಗಿಂದಾಗ್ಗೆ ತಿಳಿಸಬೇಕು. ಒಳ್ಳೆಯದನ್ನು ಆ ಕ್ಷಣವೇ ಮೆಚ್ಚಬೇಕು. ಬದಲಾವಣೆಯನ್ನು ಮುಂಚಿತವಾಗಿ ಹೇಳಬೇಕು. ಅವನ ಶಕ್ತಿಯನ್ನು ಪೂರ್ಣವಾಗಿ ಬಳಸಬೇಕು. ಯುದ್ಧಾನಂತರ ಇದು ಜಪಾನಿಗೆ ಹೋಯಿತು. ಟೊಯೋಟಾ ಕಾರಖಾನೆಯು 1950ರ ದಶಕದಲ್ಲಿ ಸ್ವೀಕರಿಸಿ ತನ್ನದಾಗಿಸಿಕೊಂಡಿತು. ನಮ್ಮ ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿಯೂ 1953ರಲ್ಲಿ ರೈಸ್ ಎಂಬ ಆಂಗ್ಲ ಸಂಶೋಧಕನು, ಬಿಡಿಬಿಡಿಯಾಗಿ ದುಡಿಯುತ್ತಿದ್ದ ನೇಯಿಗೆಯವರು ಚಿಕ್ಕ ತಂಡಗಳಾಗಿ ಮಗ್ಗಗಳ ಹೊಣೆ ಹೊತ್ತಾಗ ಉತ್ಪನ್ನ ಹೆಚ್ಚಿ ಹಾಳು ಬಟ್ಟೆ ಕಡಿಮೆಯಾದುದನ್ನು ಕಂಡನು.

ತಂತಿಯ ತುಂಡುಗಳನ್ನು ತಂದಿದ್ದೇನೆ. ಸಭೆ ಮುಗಿದ ಮೇಲೆ ಹತ್ತು ಜನ ವಿದ್ಯಾರ್ಥಿಗಳು ತಮ್ಮ ತಂದೆತಾಯಿಗಳೊಡನೆ ಕರಕುಶಲ ಕೋಣೆಗೆ ಬರಲಿ. ಮೊದಲು ಮಕ್ಕಳಿಗೆ ನಾನು ಆ ಗಂಟನ್ನು ಕಲಿಸುವೆನು. ಬಳಿಕ ಹಿರಿಯರಿಗೆ ಅವರು ಕಲಿಸಲಿ.