ಭಂಗಾರವೋ, ಬಂಗಾರವೋ? ಹಳೆಯ ಗುಡಗುಡಿಗಳ ದುರಸ್ತಿ



ನಮ್ಮ ಗಡಿಭಾಗದ ಹಳ್ಳಿಗಳಲ್ಲಿ ಹಳೇ ಸಾಮಾನು ಕೊಳ್ಳುವವನು ಓಣಿಯೊಳಗೆ ಕೂಗುತ್ತ ಬಂದರೆ ಒಂದು ಮೋಜು ಇರುತ್ತದೆ. ಅವನು ಮರಾಠಿಯಲ್ಲಿ ‘ಭಂಗಾರ’ ಎನ್ನುತ್ತಾನೆ. ಮುರುಕು ಸಾಮಾನು, ಮೋಡಕಾ ಎಂದು ಅದರ ಅರ್ಥ. ಒಳಮನೆಯಲ್ಲಿ ಕುಳಿತ ಕನ್ನಡದ ಕಿವಿಗೆ ಅದು ‘ಬಂಗಾರ’ ಎಂದು ಬೀಳುತ್ತದೆ. ಎರಡರ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ. ಈ ಹೊತ್ತು ನಾನು ಮಾತಾಡಬೇಕೆಂದಿರುವ ಸಾಮಾನು ಆ ಒಂದು ಮಹಾಪ್ರಾಣದ ಮೇಲೆಯೇ ತೂಗುತ್ತಿದೆ. ಅಟ್ಟದ ಮೇಲೆ ಬಿದ್ದಿರುವ ಗುಡಗುಡಿ, ಗೋಡೆಯ ಮಾಡದಲ್ಲಿ ಮರೆತ ಚಿಲುಮೆ, ಸಾಹೇಬರ ಕಾಲದ ಕಟ್ಟಿಗೆಯ ಪೈಪು, ಇವೇ ಆ ಸಾಮಾನು.

ತಂಬಾಕು ಸೇದಿರೆಂದು ಹೇಳಲು ನಾನು ಬಂದಿಲ್ಲ. ನಾನು ಸೇದುವವನೂ ಅಲ್ಲ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕೈಗೊಂದು ಕೆಲಸ ಬೇಕೆಂದು ಹಿಡಿದ ಹವ್ಯಾಸ ಇದು. ಸಾಂಗಲಿ, ಮಿರಜಗಳ ಹಳೇ ಸಾಮಾನಿನ ಅಂಗಡಿಗಳಲ್ಲಿ ಇವು ಕಿಲೋದ ಲೆಕ್ಕದಲ್ಲಿ ಹೋಗುವುದನ್ನು ಕಂಡು ಹೊಟ್ಟೆ ಉರಿದು ಕೆಲವನ್ನು ಮನೆಗೆ ತಂದೆ. ತಿಕ್ಕಿದೆ, ತೊಳೆದೆ, ಬಲ್ಲವರನ್ನು ಕೇಳಿದೆ. ಹಾಗೆ ತಿಳಿದುಕೊಂಡದ್ದರಲ್ಲಿ ಒಂದೇ ಮಾತನ್ನು ಮುಖ್ಯವಾಗಿ ಹೇಳಬೇಕಾಗಿದೆ. ಕಪ್ಪು ಕಂಡದ್ದೆಲ್ಲ ಹೊಲಸಲ್ಲ. ಯಾವ ಕಪ್ಪನ್ನು ತೆಗೆಯಬೇಕು, ಯಾವ ಕಪ್ಪಿಗೆ ಕೈ ಹಚ್ಚಬಾರದು ಎಂಬುದು ಗೊತ್ತಿದ್ದರೆ ಅರ್ಧ ದುರಸ್ತಿ ಮುಗಿದಂತೆ.

ಈ ಸಾಮಾನು ನಮ್ಮ ನೆಲಕ್ಕೆ ಪರಕೀಯವೇನಲ್ಲ. ತಂಬಾಕಿನ ಗಿಡ ಅಮೇರಿಕಾ ಖಂಡದ್ದು, ಪೋರ್ತುಗೀಜರ ಹಡಗಿನಲ್ಲಿ ಬಂದದ್ದು, ನಿಜ. ಆದರೆ ಮೊಗಲ ದರಬಾರಕ್ಕೆ ಅದು ಹೋದದ್ದು ನಮ್ಮ ನೆರೆಯ ಬಿಜಾಪುರದಿಂದ. ಅಕಬರ ಬಾದಶಹನ ಕಡೆಯಿಂದ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬವನು ಈ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಆಗ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ ಆಳುತ್ತಿದ್ದ. ಅಸದ್ ಬೇಗ್ 1604ರಲ್ಲಿ ಹಿಂದಿರುಗುವಾಗ ತಂಬಾಕನ್ನೂ, ತಾನು ಮಾಡಿಸಿದ ಒಂದು ಕೊಳವೆಯನ್ನೂ ಒಯ್ದ. ಮೂರು ಮೊಳ ಉದ್ದದ, ರತ್ನ ಕೂಡಿಸಿದ ಕೊಳವೆ. ಬಾಯಿಗೆ ಹಚ್ಚುವ ತುದಿ ಯೆಮೆನ್ ದೇಶದ ಕೆಂಪು ಕಲ್ಲಿನದು, ಬೆಂಕಿ ಇಡುವ ಬಟ್ಟಲು ಬಂಗಾರದ್ದು. ಅಕಬರ ಕುತೂಹಲಕ್ಕೆ ಎರಡು ಮೂರು ಸಲ ಸೇದಿದ. ಪಕ್ಕದಲ್ಲಿದ್ದ ಹಕೀಮ ಬೇಡವೆಂದು ತಡೆದ. ಬಾದಶಹ ಬಿಟ್ಟ, ಸರದಾರರು ಹಿಡಿದರು. ಹಕೀಮನ ಮಾತು ಸರಿಯಾಗಿತ್ತು ಎಂಬುದು ಈಗ ಎಲ್ಲರಿಗೂ ಗೊತ್ತು. ಜಹಾಂಗೀರನು 1617ರಲ್ಲಿ ತಂಬಾಕು ಸೇದಬಾರದೆಂದು ಅಪ್ಪಣೆ ಮಾಡಿದ. ಅದನ್ನು ಯಾರು ಕೇಳಿದರು!

ಇನ್ನು ಗುಡಗುಡಿಗೆ ಬರುತ್ತೇನೆ. ಹುಕ್ಕಾ ಎಂದರೂ ಅದೇ. ಕೆಳಗೆ ನೀರಿನ ಬುರುಡೆ, ಮೇಲೆ ಕೆಂಡ-ತಂಬಾಕಿನ ಚಿಲುಮೆ. ಚಿಲುಮೆಯಿಂದ ಇಳಿಯುವ ಕೊಳವೆ ನೀರಿನಲ್ಲಿ ಮುಳುಗಿರುತ್ತದೆ. ಬಾಯಿಗೆ ಬರುವ ಕೊಳವೆ ನೀರಿನಿಂದ ಮೇಲೇ ನಿಂತಿರುತ್ತದೆ. ಸೇದಿದಾಗ ಹೊಗೆ ನೀರಿನೊಳಗಿಂದ ಗುಳ್ಳೆಯಾಗಿ ಬರುವ ಸಪ್ಪಳವೇ ಗುಡಗುಡ. ಬಡವರ ಗುಡಗುಡಿಗೆ ತೆಂಗಿನ ಚಿಪ್ಪೇ ಬುರುಡೆ. ಅರಬರ ದೇಶಗಳಲ್ಲಿ ಹುಕ್ಕಾಕ್ಕೆ ‘ನಾರ್ಗಿಲೆ’ ಎಂಬ ಹೆಸರಿದೆ; ಅದು ನಮ್ಮ ನಾರಿಕೇಳ ಶಬ್ದದಿಂದಲೇ ಪಾರಸಿಯ ಮೂಲಕ ಹೋದದ್ದು. ಉಳ್ಳವರ ಮನೆಯಲ್ಲಿ ಹಿತ್ತಾಳೆ, ತಾಮ್ರ. ಇನ್ನೂ ಉಳ್ಳವರ ಮನೆಯಲ್ಲಿ ಬೀದರಿನ ಕೆಲಸ. ಕೊಳವೆ, ಚಿಲುಮೆಗಳು ಕಳೆದುಹೋಗಿ ಬರಿಯ ಬುರುಡೆ ಉಳಿದಾಗ ಜನ ಅದನ್ನು ತಂಬಿಗೆ ಎಂದೋ ಹೂದಾನಿ ಎಂದೋ ತಿಳಿಯುತ್ತಾರೆ. ಚೆಂಡಿನಂತೆ ಗುಂಡಗಿದ್ದು ನೆಲದ ಮೇಲೆ ನಿಲ್ಲದೆ ಕೆಳಗೆ ಸಿಂಬೆ ಬೇಡುವುದು ಹಳೆಯ ಮಾದರಿ. ಗಂಟೆಯ ಹಾಗೆ ತಳ ಅಗಲವಾಗಿದ್ದರೆ ಅದರ ನಂತರದ್ದು, ಹದಿನೆಂಟನೆಯ ಶತಮಾನದಲ್ಲಿ ರೂಢಿಗೆ ಬಂದದ್ದು.

ಬೀದರಿನ ಬುರುಡೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಹೆಚ್ಚು ಹಾಳಾಗುತ್ತಿರುವುದು ಅದೇ. ಅದು ಜಸ್ತದ ಕೆಲಸ, ಕನ್ನಡದಲ್ಲಿ ಸತು ಅನ್ನುತ್ತೇವೆ. ಹದಿನಾರು ಪಾಲು ಜಸ್ತಕ್ಕೆ ಒಂದು ಪಾಲು ತಾಮ್ರ ಎಂಬುದು ಸಾಮಾನ್ಯ ಲೆಕ್ಕ. ಎರಕ ಹೊಯ್ದು ನುಣುಪು ಮಾಡಿ ಮೈಲುತುತ್ತದ ನೀರು ಸವರುತ್ತಾರೆ. ನಮ್ಮ ದ್ರಾಕ್ಷಿ ತೋಟದವರು ಸುಣ್ಣದೊಡನೆ ಕಲಸಿ ಹೊಡೆಯುವ ಮೋರಚೂದವೇ ಅದು. ಆ ಬಣ್ಣದ ಮೇಲೆ ಚಿತ್ರ ಗೀರಿ, ಉಳಿಯಿಂದ ಕೆತ್ತಿ, ಕೆತ್ತಿದ ಸಂದಿಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂಡಿಸುತ್ತಾರೆ. ಈ ತನಕ ಎಲ್ಲ ಬಿಳುಪೇ. ಬೆಳ್ಳಿ ಎಲ್ಲಿ, ಜಸ್ತ ಎಲ್ಲಿ ಸುಲಭವಾಗಿ ತಿಳಿಯುವುದಿಲ್ಲ. ಕೊನೆಗೆ ಬೀದರ ಕೋಟೆಯೊಳಗಿನ ಮಣ್ಣಿಗೆ ನವಸಾಗರ ಬೆರೆಸಿ, ಸಾಮಾನನ್ನು ಬಿಸಿ ಮಾಡಿ ತಿಕ್ಕುತ್ತಾರೆ. ಕಲಾಯಿಯವರ ಹತ್ತಿರ ಇರುತ್ತದಲ್ಲ, ಅದೇ ನವಸಾಗರ. ಆಗ ಜಸ್ತ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಮೇಲೆ ಒಂದಿಷ್ಟು ಎಣ್ಣೆ. ಇಂಥ ಹುಕ್ಕಾ ಬುರುಡೆಗಳನ್ನು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ.

ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮಿರಜ ತಾಲೂಕಿನ ಮೂಡಣ ಭಾಗದ ಒಂದು ಮನೆಯಲ್ಲಿ ದೀಪಾವಳಿಗೆಂದು ಅಟ್ಟ ಸ್ವಚ್ಛ ಮಾಡಿದರು. ಕಪ್ಪು ಬುರುಡೆ ಸಿಕ್ಕಿತು. ಹುಣಸೆಹಣ್ಣು, ಇಟ್ಟಂಗಿ ಪುಡಿ ಹಚ್ಚಿ ಮೂರು ದಿನ ತಿಕ್ಕಿದರು. ಕಪ್ಪೆಲ್ಲ ಹೋಗಿ ಬುರುಡೆ ಹಳೇ ಡಬ್ಬಿಯ ತಗಡಿನ ಹಾಗೆ ಬೂದುಗಪ್ಪಾಯಿತು. ಚಿತ್ರವೂ ಕಾಣದಾಯಿತು. ‘ಏನೂ ಇಲ್ಲರಿ ಇದರಾಗ, ಭಂಗಾರಕ್ಕ ಹಾಕತೀವಿ’ ಎಂದು ನನಗೆ ತೋರಿಸಿದರು. ಬೆಳಕಿಗೆ ಓರೆ ಹಿಡಿದಾಗ ಬೆಳ್ಳಿಯ ಬಳ್ಳಿ ಎಳೆಎಳೆಯಾಗಿ ಕಂಡಿತು. ಬೀದರಕ್ಕೆ ಹೋಗುವವರ ಕೈಯಲ್ಲಿ ಅದನ್ನು ಕಳಿಸಿದೆವು. ಅಲ್ಲಿಯ ಕುಶಲಕರ್ಮಿಯೊಬ್ಬರು ಮತ್ತೆ ಮಣ್ಣು-ನವಸಾಗರ ಹಚ್ಚಿ ಕಪ್ಪು ಏರಿಸಿ ಕೊಟ್ಟರು. ಎರಡು ಮೂರು ಕಡೆ ಬೆಳ್ಳಿ ತಂತಿ ಬಿದ್ದುಹೋಗಿತ್ತು. ಹೊಸದು ಕೂಡಿಸಲೇ ಎಂದು ಕೇಳಿದರು. ಮನೆಯವರು ಬೇಡವೆಂದರು. ನನಗೂ ಅದೇ ಸರಿ ಅನ್ನಿಸಿತು. ಬಿದ್ದ ಹಲ್ಲಿನ ಅಜ್ಜನಿಗೆ ಹಲ್ಲು ಕಟ್ಟಿಸಿದರೆ ಮುಖ ಬೇರೆ ಆಗುತ್ತದೆ.

ಆದ್ದರಿಂದ ಬುರುಡೆ ಕಪ್ಪಗಿದ್ದು, ಗಾತ್ರಕ್ಕೆ ಮೀರಿ ಭಾರವಿದ್ದು, ಅಲ್ಲಲ್ಲಿ ಬೆಳ್ಳನೆಯ ಗೆರೆ ಕಂಡರೆ ಹುಣಸೆ, ನಿಂಬೆ, ಬೂದಿ, ಹಿತ್ತಾಳೆ ಪಾಲಿಶು ಯಾವುದನ್ನೂ ಹಚ್ಚಬೇಡಿರಿ. ಮೆತ್ತನೆಯ ಅರಿವೆಯಿಂದ ಧೂಳು ಒರೆಸಿ, ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ, ಮತ್ತೆ ಒಣ ಅರಿವೆಯಿಂದ ಒರೆಸಿದರೆ ಸಾಕು. ಬೆಳ್ಳಿ ಮಾಸಿದ್ದರೆ ಕಡ್ಡಿಗೆ ಹತ್ತಿ ಸುತ್ತಿ ನಯವಾದ ಸೀಮೆಸುಣ್ಣದ ಪುಡಿಯಿಂದ ಬೆಳ್ಳಿಯ ಮೇಲಷ್ಟೇ ತಿಕ್ಕಬೇಕು. ಬಿರುಕು ಬಿಟ್ಟಿದ್ದರೆ ಬೆಸುಗೆಯವನ ಹತ್ತಿರ ಒಯ್ಯಬೇಡಿರಿ. ಜಸ್ತ 419 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ. ಹಿತ್ತಾಳೆ ಬೆಸುಗೆಯ ಬೆಂಕಿ ಅದಕ್ಕಿಂತ ಎಷ್ಟೋ ಹೆಚ್ಚಿನದು. ಕೂಡುವ ಬದಲು ಬುರುಡೆಯೇ ಸೋರಿಹೋದೀತು. ಇನ್ನೊಂದು ಮಾತು: ಜಸ್ತದ ಬುರುಡೆಯಲ್ಲಿ ಮಜ್ಜಿಗೆ, ಹುಳಿ ಪದಾರ್ಥ ಹಾಕಬಾರದು. ಹುಳಿ ಜಸ್ತವನ್ನು ಕರಗಿಸುತ್ತದೆ.

ಹಿತ್ತಾಳೆಯದಕ್ಕೆ ಇಷ್ಟು ಭಯ ಬೇಡ. ಹುಣಸೆ ನಡೆಯುತ್ತದೆ. ಆದರೆ ಕೆತ್ತನೆ ಇದ್ದರೆ ಪ್ರತಿ ಹಬ್ಬಕ್ಕೆ ತಿಕ್ಕಬಾರದು. ಪ್ರತಿ ಸಲವೂ ಒಂದು ಪದರು ಹೋಗುತ್ತದೆ, ನೂರು ಸಲಕ್ಕೆ ನವಿಲು ಕೋಳಿಯಾಗುತ್ತದೆ.

ಗುಡಗುಡಿಯ ಕಟ್ಟಿಗೆಯ ಕೊಳವೆ ಸೀಳಿದ್ದರೆ ನಮಗೆ ಒಂದು ಅನುಕೂಲವಿದೆ. ಮಿರಜದ ಸತಾರಮೇಕರ ಗಲ್ಲಿ. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿ ಸಿತಾರ, ತಂಬೂರಿ ಮಾಡುತ್ತ ಬಂದಿದ್ದಾರೆ. ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಪಂಢರಪುರದ ಕಡೆಯ ಸೋರೆಬುರುಡೆ ಬಿರಿದರೆ ಕೂಡಿಸುವ ಕೈ, ಕಟ್ಟಿಗೆಗೆ ಅರಗಿನ ಪಾಲಿಶು ಕೊಡುವ ಕೈ ಅವು. ನನ್ನ ಒಂದು ಕೊಳವೆಯನ್ನು ಅಲ್ಲಿಯ ಹಿರಿಯ ಕೆಲಸಗಾರರೊಬ್ಬರಿಗೆ ತೋರಿಸಿದೆ. ತಿರುಗಿಸಿ ನೋಡಿ, ‘ಇದೂ ಗಾಳಿಯ ವಾದ್ಯವೇ, ಸ್ವರ ಒಂದೇ’ ಎಂದು ನಕ್ಕರು. ಸರಸು ಹಚ್ಚಿ ದಾರ ಬಿಗಿದು ಎರಡು ದಿನ ಬಿಟ್ಟು ಕೊಟ್ಟರು. ಸಂದು ಎಲ್ಲಿ ಎಂದು ನಾನೇ ಹುಡುಕಬೇಕು.

ಮಣ್ಣಿನ ಚಿಲುಮೆಯ ವಿಷಯ ಸುಲಭ. (ಅದರಲ್ಲಿ ಸೇದುವ ಇನ್ನೊಂದು ಸೊಪ್ಪಿನ ಮಾತು ನಾನು ಆಡುವುದಿಲ್ಲ.) ಕುಂಬಾರರ ಸುಟ್ಟ ಮಣ್ಣಿನ ಚಿಲುಮೆಯೊಳಗಿನ ಕಪ್ಪು ಬರಿಯ ಜಿಡ್ಡು. ಸಣ್ಣಗೆ ಕಾಯಿಸುತ್ತ ಹೋಗಿ ಒಲೆಯ ಕೆಂಡದಲ್ಲಿ ರಾತ್ರಿಯಿಡೀ ಹೂತಿಟ್ಟರೆ ಜಿಡ್ಡು ಉರಿದುಹೋಗಿ ಮಣ್ಣಿನ ಬಣ್ಣ ಮರಳುತ್ತದೆ. ಒಮ್ಮೆಲೆ ಕೆಂಡಕ್ಕೆ ಹಾಕಿದರೆ ಸಿಡಿಯುತ್ತದೆ. ಬೆಳ್ಳಿ, ಹಿತ್ತಾಳೆಯ ಕಟ್ಟು ಇದ್ದರೆ ಬೆಂಕಿಗೆ ಹಾಕಲೇಬಾರದು.

ಇನ್ನು ಸಾಹೇಬರ ಪೈಪು. ಸಂಸ್ಥಾನದ ಅಧಿಕಾರಿಗಳು, ವಕೀಲರು ಸೇದಿ ಬಿಟ್ಟವು ಅಂಗಡಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಸಿಗುತ್ತವೆ. ಬಟ್ಟಲಿನ ಕಟ್ಟಿಗೆಗೆ ಬ್ರಾಯರ್ ಎನ್ನುತ್ತಾರೆ. ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಒಂದು ಗಿಡದ ಬುಡದ ಗಂಟು ಅದು, ಬೇಗ ಉರಿಯುವುದಿಲ್ಲ. ಬಾಯಿಗೆ ಹಿಡಿಯುವ ಕರಿ ತುಂಡು ಎಬೊನೈಟಿನದು, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ನಾವು ಲೆಡ್ಜರು ಬರೆಯುತ್ತಿದ್ದ ಕಾಲದ ಹಳೆಯ ಫೌಂಟನ್ ಪೆನ್ನುಗಳೂ ಇದರವೇ. ಬಿಸಿಲು ತಾಗಿ ಗಂಧಕ ಮೇಲೆ ಬಂದಾಗ ಇದು ಹಸಿರು-ಕಂದಾಗುತ್ತದೆ. ನೀರು ಹಚ್ಚಿ 400 ನಂಬರಿನ ಕಾಗದದಿಂದ ಶುರು ಮಾಡಿ 2000ದವರೆಗೆ ನಯವಾಗಿ ತಿಕ್ಕಿದರೆ ಕರಿ ಬಣ್ಣ ತಿರುಗಿ ಬರುತ್ತದೆ. ತಾಳ್ಮೆಯ ಕೆಲಸ, ಒಂದು ಮಧ್ಯಾಹ್ನ ಹೋಗುತ್ತದೆ. ತುಂಡು ಬಟ್ಟಲಿಗೆ ಅಂಟಿಕೊಂಡು ಬರದಿದ್ದರೆ ಜಗ್ಗಬೇಡಿರಿ. ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಒಂದು ತಾಸು ಇಟ್ಟು ತೆಗೆದು, ಮೆಲ್ಲಗೆ ತಿರುವಿದರೆ ಬರುತ್ತದೆ.

ಬಟ್ಟಲಿನ ಒಳಗಿನ ಮಸಿಯನ್ನು ಸೇದುವವರು ಒಂದು ನಾಣ್ಯದ ದಪ್ಪ ಉಳಿಸುತ್ತಾರೆ, ಕಟ್ಟಿಗೆ ಸುಡಬಾರದೆಂದು. ನಮಗೆ ಸೇದುವುದಿಲ್ಲ, ಮೊಂಡು ಚಾಕುವಿನಿಂದ ಹೆಚ್ಚಿನದನ್ನು ಹೆರೆದು ಬಿಡಬಹುದು. ಆಮೇಲೆ ಬಟ್ಟಲಿಗೆ ಹರಳುಪ್ಪು ತುಂಬಿ ಮೆಡಿಕಲ್ ಅಂಗಡಿಯ ಸ್ಪಿರಿಟ್ಟನ್ನು ಉಪ್ಪು ನೆನೆಯುವಷ್ಟು ಹನಿಸಿ, ಒಲೆಯಿಂದ ದೂರ, ಒಂದು ರಾತ್ರಿ ಇಡಬೇಕು. ಬೆಳಿಗ್ಗೆ ನೋಡಿದರೆ ಬೆಳ್ಳನೆಯ ಉಪ್ಪು ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ಅಷ್ಟು ಜಿಡ್ಡು ಕಟ್ಟಿಗೆಯೊಳಗೆ ಕುಳಿತಿತ್ತು ಎಂದಾಯಿತು. ಸೇದಿದವನ ಎದೆಯಲ್ಲಿ ಎಷ್ಟು ಕುಳಿತಿತ್ತೋ! ಹೊರಮೈಯ ಗಾಢ ಬಣ್ಣ ಮಾತ್ರ ಬೇರೆ. ಅದು ವರುಷಗಟ್ಟಲೆ ಬಿಸಿ ಮತ್ತು ಅಂಗೈ ತಾಗಿ ಆದದ್ದು. ಅದನ್ನು ಕಾಗದದಿಂದ ತಿಕ್ಕಿ ಹೊಸದು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜೇನುಮೇಣ ಸವರಿದರೆ ಸಾಕು.

ಉಪ್ಪು, ತೊಳೆದ ನೀರು ಎರಡನ್ನೂ ದನದ ಬಾನಿಯ ಹತ್ತಿರ, ಕೋಳಿ ತಿರುಗುವಲ್ಲಿ ಚೆಲ್ಲಬೇಡಿರಿ. ತಂಬಾಕಿನ ಜಿಡ್ಡಿನಲ್ಲಿ ನಿಕೋಟಿನ್ ಇರುತ್ತದೆ, ಅದು ವಿಷ. ಕೈಗೆ ರಬ್ಬರ್ ಚೀಲ ಹಾಕಿಕೊಳ್ಳಿರಿ, ಮಕ್ಕಳನ್ನು ದೂರ ಇಡಿರಿ. ಹುಕ್ಕಾ ಇಟ್ಟುಕೊಂಡರೆ ಪೊಲೀಸರು ಬರುತ್ತಾರೆಯೇ ಎಂದು ಒಬ್ಬರು ಕೇಳಿದರು. ಮಹಾರಾಷ್ಟ್ರದಲ್ಲಿ 2018ರಲ್ಲಿ, ಕರ್ನಾಟಕದಲ್ಲಿ 2024ರಲ್ಲಿ ಬಂದ ನಿಷೇಧ ಹುಕ್ಕಾ ಅಂಗಡಿಗಳ, ಹುಕ್ಕಾ ಮಾರಾಟ-ಸೇವನೆಗಳ ಮೇಲಿನದು. ಗೂಡಿನಲ್ಲಿಟ್ಟ ಅಜ್ಜನ ಬುರುಡೆಯ ಮೇಲಲ್ಲ.

ತೊಳೆಯುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದನ್ನು ಕೊನೆಗೆ ಹೇಳುತ್ತಿದ್ದೇನೆ. ಮನೆಯ ಹಿರಿಯರನ್ನು ಕೂಡಿಸಿಕೊಂಡು ಕೇಳಿರಿ. ಇದು ಯಾರದು, ಯಾವ ಜಾತ್ರೆಯಲ್ಲಿ ತಂದದ್ದು, ಯಾವ ಭಾಗಕ್ಕೆ ಏನು ಹೆಸರು. ಚಿಲುಮೆಯ ತುದಿಗೆ ಸುತ್ತುವ ಒದ್ದೆ ಅರಿವೆಗೆ ‘ಛಾಪಿ’ ಎನ್ನುತ್ತಾರೆ. ಮರಾಠಿಯ ಶಬ್ದವೇ, ಆದರೆ ನನಗೆ ಅದನ್ನು ಹೇಳಿದವರು ಜತ್ತ ತಾಲೂಕಿನ, ಕನ್ನಡವೇ ಮನೆಮಾತಾದ ಒಬ್ಬ ಮುದುಕರು. ಅವರ ಮೊಮ್ಮಕ್ಕಳಿಗೆ ಆ ಶಬ್ದ ಎರಡೂ ಭಾಷೆಯಲ್ಲಿ ಗೊತ್ತಿರಲಿಲ್ಲ. ಕೇಳಿದ್ದನ್ನು ಒಂದು ಚೀಟಿಯಲ್ಲಿ, ಕೈಗೆ ಬಂದ ಲಿಪಿಯಲ್ಲಿ, ಬರೆಯಿರಿ. ಬುರುಡೆ ಚೆನ್ನಾಗಿ ಒಣಗಿದ ಮೇಲೆ ಆ ಚೀಟಿಯನ್ನು ಒಳಗೆ ಹಾಕಿ, ಬಾಯಿಗೆ ಒಂದು ಅರಿವೆ ಕಟ್ಟಿ, ಅಟ್ಟದ ಮೇಲಲ್ಲ, ಪಡಸಾಲೆಯಲ್ಲಿ ಕಣ್ಣಿಗೆ ಬೀಳುವಲ್ಲಿ ಇಡಿರಿ.