ಕದಲದೆ ನಿಂತ ಟಗ್ಗು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಅಂಚೆಚೀಟಿ ಎಂದೊಡನೆ ರಾಜರು, ದೇಶನಾಯಕರು ನಮ್ಮ ಕಣ್ಣಿಗೆ ಬರುತ್ತಾರೆ. ಆದರೆ ಬಂದರುಗಳುಳ್ಳ ಕೆಲವು ದೇಶಗಳ ಚೀಟಿಗಳ ಮೇಲೆ ಕುಳ್ಳಗಿನ ಹಬೆ ಹಡಗೊಂದೂ ಕಾಣುತ್ತದೆ. ಅದೇ ಟಗ್ಗು. ಅದು ಸರಕು ಹೊರುವುದಿಲ್ಲ. ಇಕ್ಕಟ್ಟಾದ ಬಂದರಿನಲ್ಲಿ ತಾವಾಗಿ ತಿರುಗಲಾರದ ದೊಡ್ಡ ಹಡಗುಗಳನ್ನು ಹಗ್ಗ ಕಟ್ಟಿ ಎಳೆದು, ಮೂತಿಯಿಂದ ನೂಕಿ ಧಕ್ಕೆಗೆ ಸೇರಿಸುವುದೇ ಅದರ ಕಸುಬು. ಚಿತ್ರದಲ್ಲಿ ಹೊಗೆ ಕಾಣುತ್ತದೆ. ಒಲೆಯ ಮುಂದೆ ನಿಂತವರು ಕಾಣುವುದಿಲ್ಲ. ಅವರ ಮಾತು ಇಂದು ಆಡೋಣ.

ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿಗಾಗಿ 1935ರಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದು ಟಗ್ಗು ಕಟ್ಟಿದರು. ಹೆಸರು ‘ವಿಲಿಯಂ ಸಿ. ಡಾಲ್ಡಿ’. ಅದರ ಒಲೆಗೆ ಕಲ್ಲಿದ್ದಲನ್ನು ಕೈಯಿಂದಲೇ ಹಾಕಬೇಕು. ಸಲಿಕೆಯಿಂದ ಎಸೆದ ಕಲ್ಲಿದ್ದಲು ಒಲೆಯ ತುಂಬ ಸಮನಾಗಿ ಹರಡಬೇಕು. ಕಿಟ್ಟ ಕೆದಕಬೇಕು, ಬೂದಿ ತೆಗೆಯಬೇಕು. ಹಡಗು ಬರುವ ತನಕ ಸುಮ್ಮನೆ ಕಾಯುವಾಗಲೂ ಬೆಂಕಿ ಆರಬಾರದು. ಮೇಲಿನಿಂದ ಗಂಟೆ ಬಾರಿಸಿದ ಕ್ಷಣ ಹಬೆ ಸಿದ್ಧವಿರಬೇಕು. ಗಿರಣಿಯ ಬಾಯ್ಲರ್ ಮನೆಯಲ್ಲಿ ಬೆವರಿದ ಹಿರಿಯರಿಗೆ, ಹೋಟೆಲಿನ ಭಟ್ಟಿಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1958ರಲ್ಲಿ ಆಕ್ಲೆಂಡ್ ಬಂದರಿನ ದೊಡ್ಡ ಸೇತುವೆಯ ಕೆಲಸ ನಡೆದಿತ್ತು. ಮೊದಲೇ ಜೋಡಿಸಿದ ಭಾರೀ ಉಕ್ಕಿನ ಭಾಗವೊಂದನ್ನು ನೀರಿನ ಮೇಲೆ ತೇಲಿಸಿ ಸಾಗಿಸುವಾಗ ಬಿರುಗಾಳಿ ಎದ್ದಿತು. ಗಾಳಿ ಅದನ್ನು ಹೊತ್ತೊಯ್ದಿದ್ದರೆ ಅನೇಕರ ದುಡಿಮೆ ಹಾಳಾಗುತ್ತಿತ್ತು. ಡಾಲ್ಡಿ ಅದನ್ನು ಹಿಡಿದು ಗಾಳಿಗೆ ಎದುರಾಗಿ ನಿಂತಿತು: ಒಂದು ಗಂಟೆಯಲ್ಲ, ಎರಡಲ್ಲ, 36 ಗಂಟೆ. ಉರಿದ ಕಲ್ಲಿದ್ದಲು 40 ಟನ್ನು. ಲೆಕ್ಕ ಹಾಕಿ ನೋಡಿ, ಗಂಟೆಗೆ ಒಂದು ಟನ್ನಿಗೂ ಮಿಗಿಲು. ಅಷ್ಟೂ ಸಲಿಕೆಯಲ್ಲಿ, ಅಷ್ಟೂ ಕೈಯಲ್ಲಿ. ಇಷ್ಟು ಮಾಡಿ ಹಡಗು ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ. ಹೋಗದಿರುವುದೇ ಅಂದಿನ ಕೆಲಸ! 1959ರ ಮೇ ತಿಂಗಳಲ್ಲಿ ಸೇತುವೆ ಜನರಿಗೆ ತೆರೆಯಿತು.

ಬಂಧುಗಳೇ, ನಮ್ಮ ದುಡಿಮೆಯಲ್ಲೂ ಇಂಥ ಪಾಲೊಂದಿದೆ. ನಸುಕಿನಲ್ಲಿ ಒಲೆ ಹೊತ್ತಿಸುವವನು, ರಾತ್ರಿಪಾಳಿಯಲ್ಲಿ ಯಂತ್ರ ಕಾಯುವವನು, ಪಾತ್ರೆ ತೊಳೆದು ಮರುದಿನಕ್ಕೆ ಅಣಿ ಮಾಡುವವನು, ಇವರು ಸರಿಯಾಗಿ ದುಡಿದರೆ ‘ಏನೂ ಆಗಲಿಲ್ಲ’ ಎನ್ನುತ್ತಾರೆ. ಅದು ತಾನಾಗಿ ಆಗದೆ ಉಳಿದದ್ದಲ್ಲ, ಯಾರೋ ಆಗಗೊಡಲಿಲ್ಲ. ಮಜೂರಿಯ ಮಾತು ಬಂದಾಗ ನೇಯ್ದ ಬಟ್ಟೆಯ ಗಜ, ಮಾರಿದ ತಿಂಡಿಯ ತಟ್ಟೆ ಎಣಿಸುವವರ ಮುಂದೆ ಈ ದುಡಿಮೆಯನ್ನೂ ನಾವೇ ಎಣಿಸಿ ತೋರಿಸಬೇಕು. ನಾವು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

1977ರಲ್ಲಿ ಡಾಲ್ಡಿ ನಿವೃತ್ತಿಯಾಯಿತು. ಅದನ್ನು ಗುಜರಿಗೆ ಹೋಗಗೊಡದೆ ಅಭಿಮಾನಿಗಳು ಸಂಘ ಕಟ್ಟಿ ಉಳಿಸಿಕೊಂಡರು. ಹಡಗಿಗೂ ಸಂಘ ಬೇಕಾಯಿತೆಂದ ಮೇಲೆ ಮನುಷ್ಯರಾದ ನಮಗೆ ಬೇಡವೆ?